ಚಾಳಿನವರ ಚಿನ್ನ

ಮನೆಯಿಂದ ಹೊರಡುವಾಗ ಎಲ್ಲರೂ ಒಡವೆ ಹಾಕಿಕೊಳ್ಳುತ್ತಾರೆ. ನಾನು ಬಿಚ್ಚಿಡುತ್ತೇನೆ. ಐರೋಲಿಯ ಈ ಫ್ಲಾಟಿನಲ್ಲಿ ಬೆಳಗಿನ ಸ್ನಾನ, ದೇವರ ದೀಪ, ಕಾಫಿ ಮುಗಿದ ಮೇಲೆ ಆ ದಿನದ್ದೆಂದು ಗೊತ್ತುಮಾಡಿದ ಸರವನ್ನೋ ಬಳೆಯನ್ನೋ ಹಾಕಿಕೊಂಡು ಮನೆಯೊಳಗೇ ಇರುತ್ತೇನೆ. ತರಕಾರಿಗೋ ಬ್ಯಾಂಕಿಗೋ ಹೊರಡುವ ಹೊತ್ತಿಗೆ ಎಲ್ಲವನ್ನೂ ತೆಗೆದು, ಬಿಳಿ ಬಟ್ಟೆಯಲ್ಲಿ ಒರೆಸಿ, ಅದರದರ ಡಬ್ಬಿಯಲ್ಲಿಟ್ಟು, ಬೀಗ ಹಾಕಿ, ಬರಿಗೊರಳಿನಲ್ಲಿ ಲಿಫ್ಟ್ ಇಳಿಯುತ್ತೇನೆ. ಸರಗಳ್ಳರ ಭಯವಿರಬೇಕೆಂದು ನೆರೆಯವರು ತಿಳಿದಿದ್ದಾರೆ. ಹಾಗೆಯೇ ತಿಳಿದಿರಲಿ ಎಂದು ನಾನೂ ಬಿಟ್ಟಿದ್ದೇನೆ. ಸೊಸೆ ಮೊದಮೊದಲು ನಗುತ್ತಿದ್ದಳು. ಈಗ ಯಾರದಾದರೂ ಮದುವೆಗೆ ಹೊರಟಾಗ ಮಾತ್ರ "ಅತ್ತೆ, ಇವತ್ತಾದರೂ ಹಾಕಿ" ಅನ್ನುತ್ತಾಳೆ. ಕೆಲಸಕ್ಕೆ ಸೇರಿದಂದಿನಿಂದ ನಾನು ಕೊಂಡು ಕೂಡಿಟ್ಟದ್ದು ಸಾಕಷ್ಟಿದೆ. ಕೊಳ್ಳುವ ಆಸೆ ಇನ್ನೂ ತೀರಿಲ್ಲ. ಅಂಗಡಿಗೆ ಹೋದರೆ ಬೆಲೆ ಕೇಳುವ ಮೊದಲು ಒಡವೆಯನ್ನು ಮುಷ್ಟಿಯಲ್ಲಿಟ್ಟುಕೊಂಡು ಅದು ಬೆಚ್ಚಗಾಗುವವರೆಗೆ ಕಾಯುತ್ತೇನೆ. ಅಂಗಡಿಯವರಿಗೆ ಇದು ವಿಚಿತ್ರ. ಮೊಮ್ಮಗಳಿಗೂ ವಿಚಿತ್ರವೇ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆದರೆ ಬಾಯಿಗೆ ಬರುವುದು ಹಿಂದಿ.

"ಅಜ್ಜೀ, ಇತ್ನಾ ಸಾರಾ ಹೈ, ಬಾಹರ್ ಕ್ಯೂಂ ನಹೀ ಪೆಹನ್ತೀ? ಘರ್ ಮೇ ಕೌನ್ ದೇಖ್ತಾ ಹೈ?"

ಇಷ್ಟೊಂದು ಇದ್ದೂ ಹೊರಗೆ ಯಾಕೆ ಹಾಕುವುದಿಲ್ಲ, ಮನೆಯಲ್ಲಿ ನೋಡುವವರು ಯಾರು ಎಂಬುದು ಅವಳ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ನಾನು ಬೆಳೆದ ಮನೆಯಲ್ಲಿ ಒಡವೆ ಇದ್ದದ್ದು ಯಾರೂ ನೋಡದಿರಲಿಕ್ಕೆ.

ಆ ಮನೆ ಡೊಂಬಿವಲಿಯ ಒಂದು ಚಾಳಿನ ಮೊದಲ ಮಹಡಿಯಲ್ಲಿತ್ತು. ಎರಡು ಕೋಣೆ, ಎದುರಿಗೆ ಎಲ್ಲ ಮನೆಗಳಿಗೂ ಸೇರಿದ ಉದ್ದ ಜಗಲಿ. ಅಪ್ಪ ಠಾಣೆಯ ಒಂದು ಶಾಕಾಹಾರಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಬೆಳಿಗ್ಗೆ ಇಡ್ಲಿಯ ಹಬೆ ಏಳುವ ಹೊತ್ತಿಗೆ ಅಲ್ಲಿರಬೇಕಾದ್ದರಿಂದ ನಾವು ಏಳುವ ಮೊದಲೇ ಲೋಕಲ್ ಹಿಡಿದು ಹೋಗಿರುತ್ತಿದ್ದರು. ಮನೆ ನಡೆಯುತ್ತಿದ್ದದ್ದು ಅಮ್ಮನ ಕ್ರಮದಲ್ಲಿ. ನಲ್ಲಿಯಲ್ಲಿ ನೀರು ಬಂದಾಗ ಮೊದಲು ಕುಡಿಯುವ ಕೊಡ, ಆಮೇಲೆ ಅಡುಗೆಯ ಪಾತ್ರೆ, ಕೊನೆಗೆ ಬಕೆಟ್ಟು. ಒಗೆದ ಬಟ್ಟೆ ಮಡಚುವಾಗ ಅಂಚಿಗೆ ಅಂಚು ಸೇರದಿದ್ದರೆ ಬಿಡಿಸಿ ಮತ್ತೆ ಮಡಚಬೇಕು. ಗಂಜಿಯ ಜೊತೆ ಉಪ್ಪಿನಕಾಯಿ ಬಟ್ಟಲಿನ ಬಲಕ್ಕೆ, ಚಟ್ನಿ ಎಡಕ್ಕೆ. ಹೀಗೇಕೆ ಎಂದು ಕೇಳಿದರೆ "ಹೀಗೇ" ಎಂಬುದೇ ಉತ್ತರ. ಮದುವೆಯಲ್ಲಿ ಅಮ್ಮನಿಗೆ ತವರಿನವರು ಹಾಕಿದ ಚಿನ್ನವೆಲ್ಲ ಈ ಎರಡು ಕೋಣೆಗಳಾಗಿ ಮಾರ್ಪಟ್ಟಿತ್ತು. ಪಗಡಿಯೆಂಬ ದೊಡ್ಡ ಮುಂಗಡ ಹಣ ಕೊಡದೆ ಚಾಳಿನಲ್ಲಿ ಮನೆ ಸಿಗುತ್ತಿರಲಿಲ್ಲ. ಅದರ ಬಗ್ಗೆ ಅಮ್ಮ ಮಾತಾಡಿದ್ದನ್ನು ನಾನು ಕೇಳಿಲ್ಲ. ಆದರೆ ಒಳಕೋಣೆಯ ಕಬ್ಬಿಣದ ಕಪಾಟಿನ ಮೇಲಿನ ಅಂಕಣ ಯಾವಾಗಲೂ ಚಿನ್ನದಿಂದ ತುಂಬಿರುತ್ತಿತ್ತು. ಅಷ್ಟೂ ಬೇರೆಯವರದ್ದು.

ನಮ್ಮ ಚಾಳಿನಲ್ಲೂ ಹಿಂದಿನ ಗಲ್ಲಿಯಲ್ಲೂ ಉಡುಪಿ ಕಡೆಯ ಮನೆಗಳು ಹಲವು ಇದ್ದವು. ಗಂಡಸರು ಹೋಟೆಲಿನಲ್ಲಿ, ಕಚೇರಿಯಲ್ಲಿ. ಹೆಂಗಸರಿಗೆ ಊರಲ್ಲಾದರೆ ಅತ್ತೆ, ನಾದಿನಿ, ಹಿರಿಯರ ಪೆಟ್ಟಿಗೆ ಎಂದು ಇರುತ್ತಿತ್ತು. ಇಲ್ಲಿ ತೆಳುವಾದ ಬಾಗಿಲು, ಒಂದೇ ಬೀಗ. ರಜೆಗೆ ಊರಿಗೆ ಹೋಗುವ ಮೊದಲು ಯಾರೋ ಒಬ್ಬಾಕೆ ತನ್ನ ಪವನಿನ ಸರವನ್ನು ಅಮ್ಮನ ಹತ್ತಿರ ಇಟ್ಟು ಹೋದಳಂತೆ. ಮರಳಿ ಬಂದಾಗ ಅದು ಇಟ್ಟದ್ದಕ್ಕಿಂತ ಹೊಳೆಯುತ್ತಿತ್ತಂತೆ. ಅಲ್ಲಿಂದ ಒಬ್ಬೊಬ್ಬರಾಗಿ ತಂದರು, ಊರಿಗೆ ಹೋಗದವರೂ ತಂದರು. ಊರಿನಲ್ಲಿ ಹೆಂಗಸಿಗೆ ಮನೆತನದ ಹೆಸರಿರುತ್ತದೆ. ಇಲ್ಲಿ ಅಮ್ಮನಿಗೆ ಇದ್ದದ್ದು ಆ ಕಪಾಟು. ಜಗಲಿಯಲ್ಲಿ ಅವಳು ನಡೆದರೆ ನಲ್ಲಿಯ ಬಳಿ ಜಗಳವಾಡುತ್ತಿದ್ದವರು ಸುಮ್ಮನಾಗುತ್ತಿದ್ದರು. "ಲಲಿತಕ್ಕನ ಹತ್ರ ಕೇಳಿ" ಎಂಬುದು ಚಾಳಿನ ಮಾತಾಗಿತ್ತು. ಅಪ್ಪನಿಗೆ ಮಾತ್ರ ಇದು ಹಿಡಿಸುತ್ತಿರಲಿಲ್ಲ. ರಜಾದಿನದ ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಈ ಜಗಳ ತಪ್ಪದೆ ಆಗುತ್ತಿತ್ತು.

"ಇದು ಮನೆಯಾ, ಬ್ಯಾಂಕಾ? ನಾಳೆ ಒಂದು ಹೆಚ್ಚುಕಮ್ಮಿ ಆದ್ರೆ ಎಂತ ಹೇಳ್ತಿ ಅವರಿಗೆ?"

"ನನ್ನ ಕೈಯಲ್ಲಿ ಹೆಚ್ಚುಕಮ್ಮಿ ಆಗುದಿಲ್ಲ."

"ಕಳ್ಳ ನಿನ್ನತ್ರ ಕೇಳಿ ಬರ್ತಾನಾ?"

"ಧಣಿಗಳು ನಿಮ್ಮ ಕೈಗೆ ಗಲ್ಲಾದ ಬೀಗದಕೈ ಕೊಟ್ಟದ್ದು ಯಾಕೆ? ಹಾಗೇ ಇದು. ಸಾರು ಹಾಕ್ಬೇಕಾ?"

ಅಪ್ಪ ಸಾರು ಹಾಕಿಸಿಕೊಳ್ಳುತ್ತಿದ್ದರು. ಜಗಳ ಅಲ್ಲಿಗೆ ನಿಲ್ಲುತ್ತಿತ್ತು.

ಚಿನ್ನ ಹೊಳೆಯುತ್ತಿದ್ದದ್ದಕ್ಕೆ ಕಾರಣ ನಾನು. ಅಮ್ಮನ ಊರಿನ ಕಡೆ ಒಂದು ನಂಬಿಕೆ: ಪೆಟ್ಟಿಗೆಯ ಕತ್ತಲೆಯಲ್ಲೇ ಉಳಿದ ಚಿನ್ನ ಕಂದುತ್ತದೆ, ಮುತ್ತು ಸಾಯುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ. ವಾರಕ್ಕೊಮ್ಮೆಯಾದರೂ ಅದಕ್ಕೆ ಮೈಯ ಬಿಸಿ ತಾಗಬೇಕು. ಮುತ್ತೈದೆ ಇನ್ನೊಬ್ಬ ಮುತ್ತೈದೆಯ ಒಡವೆ ಹಾಕಿಕೊಳ್ಳಬಾರದಾದ್ದರಿಂದ ಅಮ್ಮ ಹಾಕುವಂತಿಲ್ಲ. ಮದುವೆಯಾಗದ ಹುಡುಗಿಗೆ ಆ ದೋಷವಿಲ್ಲ. ಹೀಗಾಗಿ ಪ್ರತಿ ಶುಕ್ರವಾರ ಶಾಲೆಯಿಂದ ಬಂದು, ಕೈಕಾಲು ತೊಳೆದು, ದೀಪ ಹಚ್ಚಿದ ಮೇಲೆ ನನ್ನ ಕೆಲಸ ಶುರು. ಅಮ್ಮ ಬಾಗಿಲು ಹಾಕುತ್ತಿದ್ದಳು, ಕಿಟಕಿಗೆ ಪರದೆ ಎಳೆಯುತ್ತಿದ್ದಳು. ನೆಲದ ಮೇಲೆ ಒಗೆದ ಟವಲು, ಅದರ ಮುಂದೆ ಮಣೆ, ಮಣೆಯ ಮೇಲೆ ನಾನು. ಮೊದಲು ಕೊರಳು: ಪವನಿನ ಸರ, ಅವಲಕ್ಕಿ ಸರ, ಹವಳದ ಸರ. ಆಮೇಲೆ ಕೈ. ಬಿಚ್ಚುವಾಗ ಕೊನೆಗೆ ಹಾಕಿದ್ದು ಮೊದಲು. ನಡುವಿನ ಹೊತ್ತಿನಲ್ಲಿ ಅಲ್ಲಾಡುವಂತಿಲ್ಲ, ತಿನ್ನುವಂತಿಲ್ಲ, ಮಗ್ಗಿ ಹೇಳಬಹುದು. ಕನ್ನಡಿ ನೋಡುವಂತಿಲ್ಲ. ಒಮ್ಮೆ ನಾನು ಎದ್ದು ಗೋಡೆಯ ಕನ್ನಡಿಯ ಕಡೆ ಹೋದಾಗ ಅಮ್ಮ ಭುಜ ಹಿಡಿದು ಕೂರಿಸಿದಳು.

"ಬೇರೆಯವರದ್ದು ಹಾಕಿ ಚಂದ ನೋಡ್ಲಿಕ್ಕಿಲ್ಲ. ನೋಡಿದ್ರೆ ಬೇಕು ಅನ್ನಿಸ್ತದೆ."

ನೋಡದಿದ್ದರೂ ಬೇಕು ಅನ್ನಿಸುತ್ತಿತ್ತು. ಕಣ್ಣಿಗೆ ಅವಕಾಶವಿಲ್ಲದ್ದರಿಂದ ನಾನು ಚಿನ್ನವನ್ನು ಚರ್ಮದಿಂದ ಕಲಿತೆ. ಯಾವ ಸರ ಎದೆಯ ಮೇಲೆ ಮೊದಲು ತಣ್ಣಗೆ ಕಚ್ಚುತ್ತದೆ, ಯಾವುದು ಬೇಗ ಬೆಚ್ಚಗಾಗಿ ಇಲ್ಲವೇ ಇಲ್ಲವೇನೋ ಎಂಬಷ್ಟು ಹಗುರಾಗುತ್ತದೆ, ಎಲ್ಲ ಗೊತ್ತಿತ್ತು. ಅದು ನನ್ನ ಮೈಯದೇ ಆಯಿತು ಅನ್ನಿಸುವ ಹೊತ್ತಿಗೆ ಸರಿಯಾಗಿ ಅಮ್ಮ ಬಿಚ್ಚುತ್ತಿದ್ದಳು. ಬಿಚ್ಚಿದ ಜಾಗದಲ್ಲಿ ಗಾಳಿ ತಾಗಿ ಚಳಿಯಾಗುತ್ತಿತ್ತು. ಆಗ ನನಗಿದ್ದ ಆಸೆ ಒಂದೇ, ಬಿಚ್ಚಬೇಕಾಗಿಲ್ಲದ ಒಂದು ಒಡವೆ. ದೊಡ್ಡದೇ ಆಗಬೇಕೆಂದಿರಲಿಲ್ಲ. ಒಡವೆಯ ಒಡತಿಯರಿಗೆ ಈ ಶುಕ್ರವಾರದ ವಿಷಯ ಗೊತ್ತಿತ್ತು, ಮೆಚ್ಚುಗೆಯೂ ಇತ್ತು. "ಶಾರುವಿನ ಮೈಯಲ್ಲಿದ್ದು ಬಂದ ಚಿನ್ನ ಆಗ ತಾನೇ ತೊಳೆದ ಹಾಗೆ ಇರ್ತದೆ" ಎನ್ನುತ್ತಿದ್ದಳು ಜಗಲಿಯ ಕೊನೆಯ ಮನೆಯ ಗಿರಿಜಕ್ಕ. ಆದರೆ ತಮ್ಮ ತಮ್ಮ ಹೆಣ್ಣುಮಕ್ಕಳಿಗೆ ಅವರು ಇದನ್ನು ಹೇಳಿರಲಿಲ್ಲ. ಮದುವೆಗೆ ಮುಂಚೆ ಚಿನ್ನ ಮೈಗೆ ತಾಗಿದರೆ ಹುಡುಗಿಗೆ ಆಸೆ ಹುಟ್ಟುತ್ತದೆ ಎಂಬುದು ಅವರ ಹೆದರಿಕೆ. ನನ್ನ ಆಸೆಯ ಬಗ್ಗೆ ಯಾರಿಗೂ ಹೆದರಿಕೆ ಇರಲಿಲ್ಲ.

ಗಿರಿಜಕ್ಕನ ಗಂಡ ಹಡಗಿನಲ್ಲಿ ಕೆಲಸಕ್ಕಿದ್ದ. ಹೋದರೆ ತಿಂಗಳುಗಟ್ಟಲೆ ಕಡಲಿನಲ್ಲಿ. ಅವನು ಮೊದಲ ಸಲ ರಜೆಗೆ ಬಂದಾಗ ಮಾಡಿಸಿಕೊಟ್ಟ ಗಟ್ಟಿ ಬಳೆಗಳ ಜೋಡಿ ಅವಳಿಗೆ ಕರಿಮಣಿಯಷ್ಟೇ ಮುಖ್ಯ. ಗಂಡಸಿಲ್ಲದ ಮನೆಯೆಂದು ಅದನ್ನು ಅಮ್ಮನ ಬಳಿ ಇಟ್ಟಿದ್ದಳು. ಅವಳ ಮಗಳು ನಳಿನಿ ಶಾಲೆಯಲ್ಲಿ ನನ್ನ ಬೆಂಚಿನವಳು. ಆ ವರ್ಷ ನಾನು ಇದ್ದಕ್ಕಿದ್ದಂತೆ ಬೆಳೆದೆ. ಲಂಗದ ಅಂಚು ಬಿಡಿಸಿದ್ದು ಅಮ್ಮನೇ, ಚಪ್ಪಲಿ ಬದಲಿಸಿದ್ದೂ ಅಮ್ಮನೇ. ಆದರೆ ಕೈ ಬೆಳೆದದ್ದು ಅವಳ ಗಮನಕ್ಕೆ ಬರಲಿಲ್ಲ. ಒಂದು ಶುಕ್ರವಾರ ಗಿರಿಜಕ್ಕನ ಬಳೆಗಳು ಸ್ವಲ್ಪ ಒತ್ತಿದಾಗ ಒಳಗೆ ಹೋದವು. ಬಿಚ್ಚುವಾಗ ಎಡಗೈಯದ್ದು ಬಂತು. ಬಲಗೈಯದ್ದು ಬರಲಿಲ್ಲ. ಅಮ್ಮ ಸಾಬೂನು ಹಚ್ಚಿದಳು, ತೆಂಗಿನೆಣ್ಣೆ ಹಚ್ಚಿದಳು, ಕೈಯನ್ನು ತಣ್ಣೀರಿನಲ್ಲಿ ಮುಳುಗಿಸಿದಳು, ಮೇಲಕ್ಕೆತ್ತಿ ಹಿಡಿದಳು. ಎಳೆದಷ್ಟೂ ಬೆರಳಿನ ಗೆಣ್ಣು ಊದಿಕೊಂಡಿತು.

"ಕೈ ಸಡಿಲ ಬಿಡು."

"ಬಿಟ್ಟಿದ್ದೇನೆ ಅಮ್ಮ."

"ಬಿಟ್ಟಿಲ್ಲ. ಹೆಬ್ಬೆರಳು ಒಳಗೆ ಮಡಚು. ಅಳ್ಬೇಡ, ಅತ್ತರೆ ಇನ್ನೂ ಬೀಗ್ತದೆ."

ಮರುದಿನ ಶನಿವಾರ, ಶಾಲೆ ಇತ್ತು. ಭಾನುವಾರ ಕಲ್ಯಾಣದಲ್ಲಿ ಗಿರಿಜಕ್ಕನ ಅಣ್ಣನ ಮನೆಯಲ್ಲಿ ಸೀಮಂತ. ಬಳೆ ತೆಗೆದುಕೊಂಡು ಹೋಗಲು ಬೆಳಿಗ್ಗೆಯೇ ಬರುವುದಾಗಿ ಹೇಳಿದ್ದಳು. ಊತ ಇಳಿದರೆ ಅಷ್ಟರೊಳಗೆ ಬಳೆ ಬರುತ್ತದೆ, ಗಿರಿಜಳಿಗೆ ಸುಮ್ಮನೆ ಗಾಬರಿ ಯಾಕೆ ಎಂದು ಅಮ್ಮ ಲೆಕ್ಕ ಹಾಕಿದಳು. ಜೀವನದಲ್ಲಿ ಅವಳ ಲೆಕ್ಕ ತಪ್ಪಿದ್ದು ಅಲ್ಲಿ. ಬಿಳಿ ಪಂಚೆಯ ಅಂಚು ಹರಿದು, ಬಳೆಯ ಮೇಲೆ ಒತ್ತಾಗಿ ಸುತ್ತಿ, ಗಂಟು ಹಾಕಿ, "ಕೇಳಿದ್ರೆ ಬಿಸಿ ಎಣ್ಣೆ ಸಿಡಿಯಿತು ಅಂತ ಹೇಳು" ಎಂದು ನನ್ನನ್ನು ಶಾಲೆಗೆ ಕಳಿಸಿದಳು. ಅಮ್ಮ ನನಗೆ ಸುಳ್ಳು ಹೇಳಿಕೊಟ್ಟದ್ದು ಅದೇ ಮೊದಲು. ಟೀಚರಿಗೆ ಹೇಳಿದೆ, ನಂಬಿದರು. ನಳಿನಿಗೆ ಹೇಳಿದೆ, ಪಾಪ, ಅವಳು ನನ್ನ ಪಾಠವನ್ನೂ ತಾನೇ ಬರೆದುಕೊಟ್ಟಳು. ಮಧ್ಯದ ಬಿಡುವಿನಲ್ಲಿ ನಲ್ಲಿಯ ಹತ್ತಿರ ನನ್ನ ಕೈ ಒದ್ದೆಯಾಗದಿರಲೆಂದು ಅವಳು ಪಟ್ಟಿಯ ಮೇಲೆ ಹಿಡಿದಳು. ಹಿಡಿದವಳು ಬಿಡಲಿಲ್ಲ. ಬೆರಳಿನಿಂದ ಸುತ್ತಲೂ ಒತ್ತಿ ನೋಡಿ, ಬಟ್ಟೆಯ ಅಂಚನ್ನು ಮೇಲಕ್ಕೆ ಸರಿಸಿದಳು.

"ಇದು ನಮ್ಮಮ್ಮಂದು."

ನಾನು ಕೈ ಹಿಂದಕ್ಕೆಳೆದುಕೊಂಡೆ.

"ನಿನ್ನ ಕೈಯಲ್ಲಿ ಯಾಕೆ ಉಂಟು?"

"ಚಿನ್ನ ಕಂದಬಾರದು ಅಂತ ಅಮ್ಮ ನನಗೆ ಹಾಕುದು. ಪ್ರತಿ ಶುಕ್ರವಾರ. ನಿನ್ನಮ್ಮನಿಗೆ ಗೊತ್ತುಂಟು."

"ನನಗೆ ಮುಟ್ಲಿಕ್ಕೂ ಬಿಡುದಿಲ್ಲ. ಮದುವೆ ಆದ್ಮೇಲೆ ಅಂತಾರೆ. ನಿನಗೆ ಮದುವೆ ಆಗಿದೆಯಾ?"

ಅವಳು ಶಾಲೆ ಬಿಟ್ಟ ಮೇಲೆ ನನಗಾಗಿ ಕಾಯದೆ ಓಡಿದಳು. ನಾನು ಮನೆ ತಲುಪುವ ಹೊತ್ತಿಗೆ ಗಿರಿಜಕ್ಕ ನಮ್ಮ ಹೊಸಿಲಲ್ಲಿ ನಿಂತಿದ್ದಳು. ಒಳಗೆ ಬಾ ಎಂದರೂ ಬಂದಿರಲಿಲ್ಲ. ನನ್ನ ಕೈ ಹಿಡಿದು, ಗಂಟು ಬಿಚ್ಚಿ, ಪಟ್ಟಿಯನ್ನು ಸುತ್ತು ಸುತ್ತಾಗಿ ತೆಗೆದಳು. ಅಮ್ಮ ನೋಡುತ್ತ ನಿಂತಿದ್ದಳು.

"ಹಾಕಿದ್ದಕ್ಕಲ್ಲ ಲಲಿತಕ್ಕ. ನೀವು ಹಾಕುದು ನನಗೆ ಗೊತ್ತುಂಟು. ಮುಚ್ಚಿದಿರಲ್ಲ, ಅದು. ನನ್ನತ್ರ ಬಂದು ಹೇಳಿದ್ರೆ ನಾನೇ ಎಣ್ಣೆ ಹಚ್ಚಿ ಕೂರ್ತಿರಲಿಲ್ಲವಾ?"

"ನಿನಗೆ ಗಾಬರಿ ಆಗಬಾರದು ಅಂತ, ಗಿರಿಜಾ."

"ಈಗ ಆಗಿಲ್ಲವಾ?"

ಅಷ್ಟರಲ್ಲಿ ನನ್ನ ಬೆರಳುಗಳು ನೀಲಿಗಟ್ಟತೊಡಗಿದ್ದವು. ಅಕ್ಕಸಾಲಿ ಸೋನಾರನ ಬಳಿ ಹೋಗಿ ಕತ್ತರಿಸುವ ಎಂದಳು ಅಮ್ಮ. ಆ ಮಾತು ಕೇಳಿ ಗಿರಿಜಕ್ಕ ಹೌಹಾರಿದಳು.

"ಕತ್ತರಿಸುದಾ? ಅವರು ಕಡಲಲ್ಲಿದ್ದಾರೆ ಅಕ್ಕ! ಕಾಗದ ಇಲ್ಲ, ಸುದ್ದಿ ಇಲ್ಲ. ಅವರು ಹಾಕಿದ ಬಳೆ ಕತ್ತರಿಸ್ಲಿಕ್ಕೆ ನಾನು ಹೇಗೆ ಹೂಂ ಅನ್ಲಿ?"

ಒಬ್ಬಳಿಗೆ ಮಗಳ ಕೈ, ಇನ್ನೊಬ್ಬಳಿಗೆ ಗಂಡನ ಜೀವ. ನಡುವೆ ನಾನು ಕೈ ಚಾಚಿಕೊಂಡು ನಿಂತಿದ್ದೆ. ಜಗಲಿಯ ಉದ್ದಕ್ಕೂ ಬಾಗಿಲುಗಳು ಒಂದೊಂದಾಗಿ ತೆರೆದವು. ಎಲ್ಲರೂ ತಮ್ಮ ತಮ್ಮ ಡಬ್ಬಿಯನ್ನು ನೆನೆಯುತ್ತಿದ್ದರೆಂದು ಈಗ ನನಗೆ ತಿಳಿಯುತ್ತದೆ. ಕೊನೆಗೆ ಚಾಳಿನ ಮೆಟ್ಟಿಲಿಳಿದು ನಾವು ಸ್ಟೇಷನ್ನಿನ ಬಳಿಯ ಸೋನಾರನ ಅಂಗಡಿಗೆ ಹೋದೆವು. ಅಮ್ಮ ನನ್ನ ಮೊಣಕೈ ಹಿಡಿದಿದ್ದಳು. ಗಿರಿಜಕ್ಕ ಸ್ವಲ್ಪ ಹಿಂದೆ, ಸೆರಗು ಬಾಯಿಗೊತ್ತಿಕೊಂಡು. ಸೋನಾರ ಕೈಯನ್ನು ತಿರುಗಿಸಿ ನೋಡಿ, ಸಣ್ಣ ಕತ್ತರಿ ಎತ್ತಿಕೊಂಡು ಇಬ್ಬರ ಮುಖವನ್ನೂ ನೋಡಿದ.

"ತಾಈ, ಕಾಪೂ ಕಾ?"

ಕತ್ತರಿಸಲೇ ಎಂದು ಕೇಳಿದ್ದ. ಬಳೆ ಯಾರದೆಂದು ಅವನಿಗೆ ಗೊತ್ತಿರಲಿಲ್ಲ. ಅಮ್ಮ ಹೇಳುವಂತಿರಲಿಲ್ಲ, ಗಿರಿಜಕ್ಕನಿಗೆ ಹೇಳಲಾಗಲಿಲ್ಲ. ಅವನು ಮತ್ತೆ ಕೇಳಿದಾಗ ಗಿರಿಜಕ್ಕ ರಸ್ತೆಯ ಕಡೆ ಮುಖ ತಿರುಗಿಸಿ ತಲೆಯಾಡಿಸಿದಳು. ಕಟ್ ಎಂದದ್ದು ಬಹಳ ಸಣ್ಣ ಸದ್ದು. ಅಗಲವಾಗಿ ಬಾಯಿಬಿಟ್ಟ ಬಳೆ ಮಖಮಲ್ಲಿನ ಮೇಲೆ ಬಿದ್ದಿತ್ತು. ಬೆಸುಗೆ ಹಾಕಿದರೆ ಗೊತ್ತೇ ಆಗುವುದಿಲ್ಲ ಎಂದು ಸೋನಾರ ಸಮಾಧಾನ ಹೇಳುತ್ತಿದ್ದ. ಗಿರಿಜಕ್ಕ ಅದನ್ನು ಮುಟ್ಟಲು ಒಪ್ಪಲಿಲ್ಲ. ತುಂಡಾದದ್ದನ್ನು ಗಂಡ ಬರುವವರೆಗೆ ಮನೆಯೊಳಗೆ ತರುವುದು ಹೇಗೆ? ಆಗ ಅಮ್ಮ ಅಲ್ಲೇ, ಅಂಗಡಿಯ ಸ್ಟೂಲಿನ ಮೇಲೆ ಕುಳಿತು, ಎರಡೂ ಕಿವಿಯ ಬೆಂಡೋಲೆಗಳನ್ನು ಬಿಚ್ಚಿದಳು. ಕರಿಮಣಿ ಬಿಟ್ಟರೆ ಅವಳ ಮೈಮೇಲೆ ಉಳಿದಿದ್ದ ಚಿನ್ನ ಅದೊಂದೇ, ಅವಳ ತಾಯಿ ಕೊಟ್ಟದ್ದು. ಸೋನಾರ ಬಳೆಯನ್ನೂ ಅವುಗಳನ್ನೂ ತೂಗಿದ, ಹೆಚ್ಚು ವ್ಯತ್ಯಾಸವಿರಲಿಲ್ಲ. ಅಮ್ಮ ಅವುಗಳನ್ನು ಗಿರಿಜಕ್ಕನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದಳು. "ಬೇಡ ಅಕ್ಕ" ಎಂದಳು ಗಿರಿಜಕ್ಕ. ಮತ್ತೊಮ್ಮೆ ಹೇಳಲಿಲ್ಲ.

ಹೀಗೆ ಆ ಬಳೆ ನನ್ನದಾಯಿತು. ಸೋನಾರ ಅದನ್ನು ಸ್ವಲ್ಪ ಹಿಗ್ಗಿಸಿ, ಬೆಸೆದು ಕೊಟ್ಟ. ಅಮ್ಮ ನನ್ನ ಕೈಗೆ ಹಾಕಿ, "ಇನ್ನು ಇದು ನಿನ್ನದೇ. ಬಿಚ್ಚುದು ಬೇಡ" ಎಂದಳು. ಅದಕ್ಕಿಂತ ಹೆಚ್ಚಿನದನ್ನು ನಾನು ಯಾವ ದೇವರ ಹತ್ತಿರವೂ ಕೇಳಿರಲಿಲ್ಲ. ಆದರೆ ಅದು ಬೆಚ್ಚಗಾಗಲೇ ಇಲ್ಲ. ಅಮ್ಮ ಕಿವಿಯ ತೂತು ಮುಚ್ಚದಿರಲೆಂದು ಕಸ ಗುಡಿಸುವ ಹಿಡಿಸೂಡಿಯ ಕಡ್ಡಿ ಮುರಿದು ಸಿಕ್ಕಿಸಿಕೊಂಡಿದ್ದಳು. ಊಟಕ್ಕೆ ಕುಳಿತ ಅಪ್ಪ ಅವಳು ಬಡಿಸಲು ಬಗ್ಗಿದಾಗ ಆ ಕಡ್ಡಿಗಳನ್ನು ನೋಡಿದರು. ಏನಾದರೂ ಹೇಳಬಹುದು, ಬೈಯಬಹುದು ಎಂದು ನಾನು ಕಾದೆ. ಅವರು ತಲೆ ತಗ್ಗಿಸಿ ಅನ್ನ ಕಲಸಿದರು. ಸಾರು ಹಾಕಲೇ ಎಂದು ಅಮ್ಮನೂ ಕೇಳಲಿಲ್ಲ. ನಳಿನಿ ಬೆಂಚು ಬದಲಿಸಿದಳು. ಅವಳ ಕಣ್ಣಿಗೆ ಬೀಳಬಾರದೆಂದು ನಾನು ಹೊರಗೆ ಕಾಲಿಡುವ ಮೊದಲು ಬಳೆಯನ್ನು ಬಿಚ್ಚಿ ಒಲೆಯ ಪಕ್ಕದ ಗೂಡಿನಲ್ಲಿಡುತ್ತಿದ್ದೆ, ಬಂದ ಮೇಲೆ ಹಾಕಿಕೊಳ್ಳುತ್ತಿದ್ದೆ. ಆ ಅಭ್ಯಾಸ ಹೋಗಲಿಲ್ಲ. ಮೊಮ್ಮಗಳಿಗೆ ವಿಚಿತ್ರವಾಗಿ ಕಾಣುವುದು ಅದೇ.

ಆಮೇಲೆ ಡಬ್ಬಿಗಳು ಹೋಗತೊಡಗಿದವು. ಯಾರೂ ಕಟುವಾಗಿ ಮಾತಾಡಲಿಲ್ಲ. ನಮ್ಮವರು ಇಂಥಲ್ಲಿ ಬಹಳ ನಯವಾಗಿರುತ್ತಾರೆ. ಒಬ್ಬಳಿಗೆ ಭಾವನ ಮನೆಯಲ್ಲಿ ಮದುವೆ, ಹಾಕಿಕೊಳ್ಳಲು ಬೇಕಿತ್ತು. ಇನ್ನೊಬ್ಬಳ ಗಂಡನಿಗೆ ಬ್ಯಾಂಕಿನಲ್ಲಿ ಲಾಕರ್ ಸಿಕ್ಕಿತ್ತು. "ನಿಮಗೆ ಎಷ್ಟು ಅಂತ ತೊಂದರೆ ಕೊಡುದು ಲಲಿತಕ್ಕ" ಎಂದಳು ಮತ್ತೊಬ್ಬಳು. ಅಮ್ಮ ಪ್ರತಿಯೊಂದನ್ನೂ ಒರೆಸಿ, ಅವರ ಮುಂದೆಯೇ ಬಿಚ್ಚಿ ತೋರಿಸಿ, ಕುಂಕುಮ ಕೊಟ್ಟು ಕಳಿಸಿದಳು. ಶುಕ್ರವಾರ ದೀಪ ಹಚ್ಚಿದ ಮೇಲೆ ಅಭ್ಯಾಸಬಲದಿಂದ ಬಾಗಿಲು ಹಾಕಿ ಟವಲು ಹಾಸಿದಳು. ಸ್ವಲ್ಪ ಹೊತ್ತು ಅದರ ಮುಂದೆ ಕುಳಿತು, ಅಂಚಿಗೆ ಅಂಚು ಸೇರಿಸಿ ಮಡಚಿಟ್ಟಳು. ಆ ಮೇಲಿನ ಅಂಕಣದಲ್ಲಿ ಅಪ್ಪನ ಅಂಗಿಗಳನ್ನಾದರೂ ಇಡಬಹುದಿತ್ತು. ಇಡಲಿಲ್ಲ. ನಲ್ಲಿಯ ಬಳಿ ಈಗ ಅವಳಿದ್ದರೂ ಜಗಳ ನಡೆಯುತ್ತಿತ್ತು.

ಗಿರಿಜಕ್ಕನ ಗಂಡ ಏನೂ ಆಗದೆ ಮರಳಿ ಬಂದ, ರಜೆ ಮುಗಿಸಿ ಮತ್ತೆ ಹೋದ. ಆ ಬೇಸಿಗೆಯ ಒಂದು ಸಂಜೆ ಅವಳು ನಮ್ಮ ಮನೆಗೆ ಬಂದಳು. ಹೊಸಿಲಲ್ಲಿ ನಿಲ್ಲಲಿಲ್ಲ, ನೇರವಾಗಿ ಒಳಗೆ ಬಂದು ಅಡುಗೆಮನೆಯ ಬಾಗಿಲ ಬಳಿ ಮೊದಲಿನ ಹಾಗೆ ಕುಳಿತಳು. ಸೆರಗಿನೊಳಗೆ ಆ ಜೋಡಿಯ ಇನ್ನೊಂದು ಬಳೆಯ ಡಬ್ಬಿ ಇತ್ತು. ಕಿವಿಯಲ್ಲಿ ಅಮ್ಮನ ಬೆಂಡೋಲೆಗಳಿದ್ದವು.

"ನಾಡಿದ್ದು ಊರಿಗೆ ಹೊರಟೆವು ಅಕ್ಕ. ಇದೊಂದು ಇಟ್ಕೊಳ್ತೀರಾ? ಮೊದಲಿನ ಹಾಗೇ. ಆದದ್ದು ಆಗಿಹೋಯ್ತು."

ಅಮ್ಮ ಅವಳಿಗೆ ಚಹಾ ಕೊಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡಳು. ತೆಗೆದುಕೋ, ತೆಗೆದುಕೋ ಎಂದು ನಾನು ಒಲೆಯ ಪಕ್ಕದಲ್ಲಿ ನಿಂತು ಮನಸ್ಸಿನಲ್ಲೇ ಹೇಳುತ್ತಿದ್ದೆ. ಗಿರಿಜಕ್ಕ ಇಟ್ಟರೆ ಉಳಿದವರೂ ತರುತ್ತಾರೆ, ಜಗಲಿಯಲ್ಲಿ ಅಮ್ಮ ನಡೆಯುವ ರೀತಿ ಮರಳಿ ಬರುತ್ತದೆ. ಅಮ್ಮನ ಕೈ ಮುಂದೆ ಬಂತು. ಡಬ್ಬಿಯನ್ನು ದಾಟಿ ಗಿರಿಜಕ್ಕನ ಎಡಗಿವಿಯ ಬಳಿ ಹೋಯಿತು.

"ಇದರ ತಿರುಪು ಸಡಿಲ. ಮೊದಲಿನಿಂದ್ಲೂ ಹಾಗೇ. ನೂಲು ಸುತ್ತಿ ಹಾಕ್ಬೇಕು, ಇಲ್ಲದಿದ್ರೆ ಪ್ರಯಾಣದಲ್ಲಿ ಬಿದ್ದುಹೋಗ್ತದೆ. ಶಾರೂ, ಸೂಜಿಡಬ್ಬಿ ತಾ."

ಕೊಟ್ಟೆ. ಅಮ್ಮ ಬೆಂಡೋಲೆ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡಳು, ಸೆರಗಿನಲ್ಲಿ ಒರೆಸಿದಳು, ತಿರುಪಿನ ಕಡ್ಡಿಗೆ ನೂಲು ಸುತ್ತಿ ಹಲ್ಲಿನಿಂದ ಕಡಿದಳು. ಗಿರಿಜಕ್ಕ ಕತ್ತು ಓರೆ ಮಾಡಿ ಮಗುವಿನ ಹಾಗೆ ಕುಳಿತಿದ್ದಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅಮ್ಮ ಅದನ್ನು ಅವಳ ಕಿವಿಗೆ ಹಾಕಿ, ಬಿಗಿದು, ಅಲ್ಲಾಡಿಸಿ ನೋಡಿದಳು.

"ಈಗ ಸರಿ ಆಯ್ತು. ಡಬ್ಬಿ ತೆಕ್ಕೊಂಡು ಹೋಗು ಗಿರಿಜಾ. ನನ್ನತ್ರ ಇಡ್ಲಿಕ್ಕೆ ಜಾಗ ಇಲ್ಲ."

ಅವಳ ಬೆನ್ನ ಹಿಂದೆ ಕಪಾಟಿನ ಬಾಗಿಲು ತೆರೆದೇ ಇತ್ತು. ಮೇಲಿನ ಅಂಕಣ ಗೋಡೆಯವರೆಗೂ ಖಾಲಿ ಇರುವುದು ನಾವು ಮೂವರಿಗೂ ಕಾಣುತ್ತಿತ್ತು.